ಹೆಣ್ಣು ನೋಡಲು ಹೋದ ಹಳೆಯ ಜೀಪು

1976ರ ಮಾತು. ಎಳ್ಳಮಾವಾಸ್ಯೆ ಹತ್ತಿರ ಬಂದಿತ್ತು. ಜತ್ತ ತಾಲ್ಲೂಕಿನ ಶೇಗಾಂವದಲ್ಲಿ ನಮ್ಮದು ಕಿರಾಣಿ ಅಂಗಡಿ, ಜೊತೆಗೆ ಒಂದಿಷ್ಟು ಹೊಲ. ನನಗೆ ದರಿಬಡಚಿಯ ಹೆಣ್ಣಿನ ಮಾತು ನಡೆದಿತ್ತು. ಎರಡೂ ಮನೆಯವರು ಇನ್ನೂ ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ. ಹಿಂದೆ ಎರಡು ಸಂಬಂಧ ಮುರಿದುಬಿದ್ದಿದ್ದವು. ಇದಾದರೂ ಕೂಡಿ ಬರಲೆಂದು ನಾನು ಹರಕೆ ಹೊತ್ತಿದ್ದೆ.

ಬೀಗರ ಮನೆಗೆ ಎತ್ತಿನ ಗಾಡಿಯಲ್ಲಿ ಹೋದರೆ ಮರ್ಯಾದೆ ಏನುಳಿಯಿತು ಎಂದು ನಮ್ಮಪ್ಪ ಹಠ ಹಿಡಿದರು. ಹೊಲ, ಹಳ್ಳ, ಕಲ್ಲುದಾರಿ ಎಲ್ಲ ಕಡೆ ನುಗ್ಗುವ ಗಾಡಿ ಬೇಕೆಂದು ಸಾಂಗ್ಲಿಗೆ ಹೋದರು. ಅಲ್ಲೊಬ್ಬ ದಲಾಲ ಸರಕಾರಿ ಲಿಲಾವಿನಲ್ಲಿ ಹರಾಜು ಕೂಗಿ ಹಿಡಿದಿದ್ದ ಹಳೆಯ ಜೀಪು ತೋರಿಸಿದ. ಅಪ್ಪನಿಗೆ ಗೊತ್ತಿದ್ದದ್ದು ಎತ್ತಿನ ವ್ಯಾಪಾರ ಒಂದೇ. ಜೀಪನ್ನು ಸುತ್ತು ಬಂದರು, ಬಾನೆಟ್ ಎತ್ತಿಸಿ ಹಲ್ಲು ನೋಡುವವರ ಹಾಗೆ ಒಳಗೆ ಇಣುಕಿದರು, ಟೈರಿಗೆ ಒದ್ದರು. ಕಡೆಗೆ ದನದ ಸಂತೆಯಲ್ಲಿ ಮಾಡುವಂತೆ ಟವೆಲ್ಲು ಮುಚ್ಚಿ ಅದರಡಿ ದಲಾಲನ ಬೆರಳು ಹಿಡಿದು ರೇಟು ಕೇಳಿದರು. ಆ ಪಟ್ಟಣದ ಮನುಷ್ಯ ಗಾಬರಿಯಾಗಿ ಕೈ ಕಿತ್ತುಕೊಂಡ. ಹೇಗೋ ವ್ಯಾಪಾರ ಕುದುರಿತು.

ಜೀಪಿನ ಹಿಂಬದಿಗೆ ಕುಟುಂಬ ಯೋಜನೆಯ ಕೆಂಪು ತ್ರಿಕೋನ ಇತ್ತು. ಅಪ್ಪ ಮನೆಗೆ ಬಳಿದು ಉಳಿದ ಸುಣ್ಣವನ್ನು ಅದರ ಮೇಲೆ ಬಳಿದು, ಇನ್ನು ಇದು ನಮ್ಮ ಗಾಡಿ ಅಂದರು. ಆಗ ಮಕ್ಕಳಾಗದ ಆಪರೇಶನ್‌ಗೆ ಗಂಡಸರನ್ನು ಹಿಡಿದೊಯ್ಯುವ ಕಾಲ. ಆ ತ್ರಿಕೋನ ಕಂಡರೆ ಹಳ್ಳಿಗಳಲ್ಲಿ ಜನ ನಡುಗುತ್ತಿದ್ದರು.

ಜತ್ತದ ಲಾರಿಯವರ ಬಳಿ ಡ್ರೈವಿಂಗ್ ಕಲಿತಿದ್ದ ನಾನೇ ಗಾಡಿ ನಡೆಸಿದೆ. ಹೊಸ ಅಂಗಿ, ಮುಖಕ್ಕೆ ಪೌಡರು. ದರಿಬಡಚಿಯ ಹೊರಗಿನ ಹಳ್ಳದಲ್ಲಿ ಅಪ್ಪ ಗಾಡಿ ನಿಲ್ಲಿಸಿ, ಧೂಳು ಹೋಗಲೆಂದು ನೀರು ಹೊಡೆಸಿದರು. ಧೂಳಿನ ಜೊತೆ ಸುಣ್ಣವೂ ಹೋದದ್ದು ನಮ್ಮ ಗಮನಕ್ಕೆ ಬರಲಿಲ್ಲ. ಮುಂದೆ ಒಬ್ಬ ಕುರಿ ಕಾಯುವವನು, ನಾವು ದಾಟಿದ ಮೇಲೆ ಹಿಂದಿನಿಂದ ಗಾಡಿ ನೋಡಿದ್ದೇ, ಕುರಿಗಳನ್ನು ಬಿಟ್ಟು ಅಡ್ಡದಾರಿಯಲ್ಲಿ ಊರ ಕಡೆ ಓಡಿದ. ಬೀಗರು ಬಂದ ಸುದ್ದಿ ಮುಟ್ಟಿಸಲು ಓಡಿದನೆಂದು ಅಪ್ಪನಿಗೆ ಖುಷಿಯೋ ಖುಷಿ.

ಸುದ್ದಿ ಮುಟ್ಟಿಸಿದ್ದೇನೋ ಖರೆ. ನಾವು ಹೋಗುವಷ್ಟರಲ್ಲಿ ಊರಲ್ಲಿ ಗಂಡಸೆಂಬ ಒಂದು ನರಪಿಳ್ಳೆಯೂ ಇಲ್ಲ. ಹೆಣ್ಣಿನ ಮನೆಯ ಪಡಸಾಲೆಯಲ್ಲಿ ಜಮಖಾನೆ ಹಾಸಿತ್ತು, ಬಸಿಯಲ್ಲಿ ಅರ್ಧ ಕುಡಿದ ಚಹಾ ಇತ್ತು, ಕುಡಿಯುವವರು ಇರಲಿಲ್ಲ. ಹುಡುಗಿಯ ತಾಯಿ ಬಾಗಿಲಿಗೆ ಅಡ್ಡ ನಿಂತು, ನಮ್ಮ ಗಂಡಸರೆಲ್ಲ ಪಂಢರಪುರಕ್ಕೆ ಹೋಗಿದ್ದಾರೆ ಅಂದರು. ಮನೆಯ ಹಿಂದಿನ ಜೋಳದ ಹೊಲ ಗಾಳಿಯಿಲ್ಲದೆ ಅಲುಗಾಡುತ್ತಿತ್ತು.

ಅಪ್ಪ ಬದುವಿನ ಮೇಲೆ ನಿಂತು, ನಾವು ಶೇಗಾಂವದ ಬೀಗರು, ಹೊರಗೆ ಬನ್ನಿ ಎಂದು ಕೂಗಿದರು.

"ಮೊನ್ನೆ ಹಿಡಿಯಾಕ ಬಂದವರೂ ಹಿಂಗ ಸಕ್ಕರಿಯಂಗ ಮಾತಾಡಿದ್ರು," ಎಂದು ಹೊಲದೊಳಗಿಂದ ದನಿ ಬಂತು. ಅದು ಹುಡುಗಿಯ ತಂದೆಯ ದನಿ ಎಂದು ಆಮೇಲೆ ತಿಳಿಯಿತು.

ಅಷ್ಟರಲ್ಲಿ ಹುಡುಗಿ ತಾಯಿಯ ಹಿಂದಿನಿಂದ ಇಣುಕಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಯವ್ವಾ, ಸರಕಾರಿ ಮಂದಿ ಇಷ್ಟು ಪೌಡರ್ ಹಚಗೊಂಡು ಬರ್ತಾರೇನು? ಇವರು ಬೀಗರ ಅದಾರ," ಅಂದಳು. ನಾಚಿಕೆಯಿಂದ ನನ್ನ ಮುಖ ಕೆಂಪಾಯಿತು. ಆದರೂ ಹುಡುಗಿ ಮನಸ್ಸಿಗೆ ಬಂದುಬಿಟ್ಟಳು.

ಅಪ್ಪನ ಪಿತ್ತ ಮಾತ್ರ ನೆತ್ತಿಗೇರಿತ್ತು. ಬೀಗರನ್ನು ಕಂಡು ಓಡುವ ಮನೆತನ ನಮಗೆ ಬೇಡ, ಗಾಡಿ ಹೊರಡಿಸು ಅಂದರು. ಅಪ್ಪನಿಗೆ ಎದುರಾಡುವ ಧೈರ್ಯ ನನಗೆಲ್ಲಿ? ಕೀಲಿ ತಿರುಗಿಸಿದೆ. ಜೀಪು ಗುರ್ ಎಂದದ್ದಕ್ಕೆ ಹೊಲದಲ್ಲಿದ್ದವರು ಇನ್ನಷ್ಟು ಒಳಗೆ ಸರಿದರು.

ಆಗ ಹುಡುಗಿ ಸೆರಗು ಸೊಂಟಕ್ಕೆ ಸಿಗಿಸಿಕೊಂಡು ಬದುವಿಗೆ ಬಂದು, ಊರಿಗೆಲ್ಲ ಕೇಳುವಂತೆ ಕೂಗಿದಳು: "ಅಪ್ಪಾ, ಹೊರಗ ಬಾ. ಇವರು ಖರೇನ ಹೆಣ್ಣು ನೋಡಾಕ ಬಂದಾರ. ನಾ ಹುಡುಗನ್ನ ನೋಡೀನಿ, ನನಗ ಒಪ್ಪಿಗಿ ಐತಿ."

ಜೋಳದ ಸಾಲುಗಳಿಂದ ತಲೆಗಳು ಒಂದೊಂದಾಗಿ ಮೇಲೆದ್ದವು. ನಾನು ಗಾಡಿ ಬಂದ್ ಮಾಡಿದೆ. ಆ ಕಾಲದಲ್ಲಿ ನಮ್ಮ ಕಡೆ ಹೆಣ್ಣಿನ ಒಪ್ಪಿಗೆಯನ್ನು ಯಾರೂ ಕೇಳುತ್ತಿರಲಿಲ್ಲ. ಇವಳು ಯಾರೂ ಕೇಳದೆ ಹೇಳಿಬಿಟ್ಟಿದ್ದಳು. ಊರೆಲ್ಲ ಕೇಳಿದ ಮೇಲೆ ಇಲ್ಲ ಅನ್ನಲು ಯಾವ ಹಿರಿಯರಿಗೂ ದಾರಿ ಉಳಿಯಲಿಲ್ಲ. ಆ ಮಾಘದಲ್ಲೇ ಮದುವೆಯಾಯಿತು.

ಈಗಲೂ ಆ ಮಾತು ನೆನೆದರೆ ನನ್ನ ಎದೆ ಉಬ್ಬುತ್ತದೆ. ಅಷ್ಟು ಜನರ ಮುಂದೆ ನನ್ನನ್ನು ಮೆಚ್ಚಿದ್ದೆಯಲ್ಲ ಎಂದು ಒಮ್ಮೊಮ್ಮೆ ಕೆಣಕುತ್ತೇನೆ. ಆಕೆ ರೊಟ್ಟಿ ಬಡಿಯುತ್ತಾ ತಲೆ ಎತ್ತದೇ ಹೇಳುತ್ತಾಳೆ: "ಹೊಲದಾಗ ಅಪ್ಪಗ ಹಾವು ಕಡದೀತು ಅಂತ ಹಂಗ ಅಂದೆ. ನಿಮ್ಮನ್ನ ಯಾರು ನೋಡಿದ್ರು?"