ಸಮುದ್ರದ ದಂಡೆಗೆ ಚೆಲ್ಲಿದ ಚರಗ

ಹಾವೇರಿಯಲ್ಲಿ ವರದಿಗಾರನಾಗಿ ದುಡಿದ ಇಷ್ಟು ವರ್ಷಗಳಲ್ಲಿ ದೆವ್ವ, ಭಾನಾಮತಿ, ಸತ್ತವರ ದನಿ ಎಂಬ ಸುದ್ದಿಗಳು ನನ್ನ ಬಳಿ ಬೇಕಾದಷ್ಟು ಬಂದಿವೆ. ಒಂದನ್ನೂ ಪತ್ರಿಕೆಗೆ ಕಳಿಸಿಲ್ಲ. ಕಂಡವರು ಯಾರು, ಎಷ್ಟು ದೂರದಿಂದ ಕಂಡರು, ಬೇರೆ ಸಾಕ್ಷಿ ಇದೆಯೇ ಎಂದು ಕೇಳಿದರೆ ಅಂಥ ಕಥೆಗಳು ಅಲ್ಲೇ ಮುಗಿದುಹೋಗುತ್ತವೆ. ಈಗ ಬರೆಯುತ್ತಿರುವುದೂ ಅದೇ ಜಾತಿಯ ಕಥೆ. ಅವೇ ಪ್ರಶ್ನೆಗಳನ್ನು ನನಗೆ ನಾನೇ ಕೇಳಿಕೊಂಡಿದ್ದೇನೆ. ಆದರೆ ಇದು ಮುಗಿಯುತ್ತಿಲ್ಲ.

ರಾಣೆಬೆನ್ನೂರಿನಲ್ಲಿ ಬೀಜದ ಅಂಗಡಿ ಇಟ್ಟಿರುವ ಚನಬಸಪ್ಪ ನನ್ನ ಕಾಲೇಜಿನ ಗೆಳೆಯ. ಕೆಲವು ವರ್ಷಗಳ ಹಿಂದೆ ಬೀಜದ ಕಂಪನಿಯೊಂದು ಚೆನ್ನಾಗಿ ಮಾಲು ಮಾರಿದ ಅಂಗಡಿಯವರನ್ನು ಮುಂಬೈಯಿಂದ ಪ್ರವಾಸಿ ಹಡಗಿನಲ್ಲಿ ಕರೆದೊಯ್ದಿತು. ಬ್ಯಾಡಗಿ ಕಡೆಯವರೂ ಇದ್ದರು. ಚನಬಸಪ್ಪನ ಹೆಂಡತಿಗೆ ನೀರೆಂದರೆ ಹೆದರಿಕೆ. ಅವಳ ಬದಲು ಅವನು ತಾಯಿ ಫಕ್ಕೀರವ್ವನನ್ನು ಹೊರಡಿಸಿದ. ಅಂಗಡಿಯವನೊಬ್ಬ ಬರಲಾಗದ್ದರಿಂದ ಉಳಿದ ಜಾಗಕ್ಕೆ ನನ್ನನ್ನೂ ಎಳೆದುಕೊಂಡ.

ತಾಯಿಯನ್ನು ಕರೆದೊಯ್ಯಲು ಅವನಿಗೆ ಬೇರೆ ಕಾರಣವಿತ್ತು. ಅವನ ತಂದೆ ತೀರಿಕೊಂಡು ವರ್ಷ ತುಂಬಿರಲಿಲ್ಲ. ಅದರ ಬೆನ್ನಿಗೇ ಅವರ ಹೊಲ ಹೆದ್ದಾರಿ ಅಗಲ ಮಾಡುವುದಕ್ಕೆ ಹೋಗಿತ್ತು. ಸೀಗಿ ಹುಣ್ಣಿವೆ ಹತ್ತಿರ ಬರುತ್ತಿತ್ತು. ನಮ್ಮ ಕಡೆ ಆ ದಿನ ಹೊಲಕ್ಕೆ ಬುತ್ತಿ ಒಯ್ದು, ಅನ್ನ, ಹೋಳಿಗೆ, ಪಲ್ಯ ಕಲಸಿ, ಭೂಮಿಗೆ ಉಣಿಸುವುದೆಂದು ಬೆಳೆಯ ನಡುವೆ ಎರಚುತ್ತಾರೆ. ಅದೇ ಚರಗ. ಎರಚುವವರು ಮುಂದೆ ನಡೆಯುತ್ತ ‘ಹುಲ್ಲುಲ್ಲಿಗ್ಯೋ’ ಎಂದು ಕೂಗುತ್ತಾರೆ. ಹಿಂದೆ ನೀರು ಚಿಮುಕಿಸುತ್ತ ಬರುವವರು ‘ಚಲ್ಲಂಬ್ರಿಗ್ಯೋ’ ಎಂದು ಓಗೊಡಬೇಕು. ಓಗೊಡುವವರಿಲ್ಲದಿದ್ದರೆ ಭೂಮಿ ಉಣ್ಣಲಿಲ್ಲ ಎಂದೇ ಫಕ್ಕೀರವ್ವನ ನಂಬಿಕೆ. ಆ ಮನೆಗೆ ಮದುವೆಯಾಗಿ ಬಂದಾಗಿನಿಂದ ಎರಚಿದ್ದು ಅವರು, ಓಗೊಟ್ಟದ್ದು ಗಂಡ. ಆ ವರ್ಷ ಗಂಡನೂ ಇಲ್ಲ, ಹೊಲವೂ ಇಲ್ಲ. ಹಬ್ಬದ ದಿನ ಅವ್ವ ಊರಲ್ಲಿರುವುದೇ ಬೇಡ ಎಂದು ಮಗ ಯೋಚಿಸಿದ್ದ.

ನಾನು ಹಾವೇರಿಯ ಕೋರ್ಟ್ ಗುಮಾಸ್ತನ ಮಗ, ನಮಗೆ ಗೇಣು ಹೊಲವೂ ಇರಲಿಲ್ಲ. ಚರಗದ ಬಗ್ಗೆ ಪ್ರತಿ ವರ್ಷ ಕಚೇರಿಯಲ್ಲಿ ಕೂತೇ ನಾಲ್ಕು ಸಾಲು ಬರೆದಿದ್ದೇನೆ, ಒಮ್ಮೆಯೂ ಕೂಗಿದವನಲ್ಲ. ಚನಬಸಪ್ಪನ ತಂದೆಯನ್ನು ಅಂಗಡಿಯಲ್ಲಿ ಸುಮ್ಮನೆ ಕೂತಿದ್ದಾಗ ನೋಡಿದ್ದೆ. ಹೊಲದಲ್ಲಿ ನೋಡಿರಲಿಲ್ಲ.

ಹುಣ್ಣಿವೆಯ ದಿನವೇ ಹಡಗು ಪಶ್ಚಿಮ ಕರಾವಳಿಯ ಒಂದು ಬಂದರಿನಲ್ಲಿ ನಿಂತಿತು. ಊರಿನ ಹೆಸರು ಬರೆಯುವುದಿಲ್ಲ, ಅಲ್ಲಿ ನಮ್ಮ ಕಡೆಯವರು ಇಂದಿಗೂ ಕೂಲಿ ಮಾಡುತ್ತಿದ್ದಾರೆ. ಊರು ತೋರಿಸಲು ಹಡಗಿನವರದೇ ಬಸ್ಸಿತ್ತು. ಅದರ ದರ ಕೇಳಿ ಚನಬಸಪ್ಪ ನಕ್ಕುಬಿಟ್ಟ.

“ಇವರ ಗಾಡ್ಯಾಗ ಊರ ನೋಡಿದ್ರ ಅಂಗಡಿ ಮಾರಬೇಕಾಗ್ತದಲೇ. ಸಿಟಿ ಬಸ್ ಅದಾವು, ಅವ್ವನ ರೊಟ್ಟಿ ಅದಾವು, ನಡಿ.”

ಅಗ್ಗವಾಗಿ ಊರು ನೋಡುವವರನ್ನು ಆ ಊರು ಎಷ್ಟು ಕಡೆಗಣಿಸುತ್ತದೆ ಎಂಬುದು ಬೇಗನೆ ತಿಳಿಯಿತು. ಹಡಗಿನಿಂದ ಇಳಿದವರು ಬಸ್ಸು ಹುಡುಕುತ್ತಾರೆಂದರೆ ಆಟೊದವರಿಗೆ ಸಿಟ್ಟು. ದಾರಿ ಕೇಳಿದರೆ ಗದ್ದ ಎತ್ತಿ ತೋರಿಸುತ್ತಿದ್ದರೇ ಹೊರತು ಬಾಯಿ ಬಿಡುತ್ತಿರಲಿಲ್ಲ. ಚಹಾ ತೆಗೆದುಕೊಂಡು ಫಕ್ಕೀರವ್ವ ಅಲ್ಲೇ ಬುತ್ತಿ ಬಿಚ್ಚಿದ್ದಕ್ಕೆ ಹೋಟೆಲಿನವನು ಬೆಂಚು ಖಾಲಿ ಮಾಡಿಸಿದ. ನಾವು ಆಡುವ ಭಾಷೆ ಕೇಳಿ ಹಿಂದಿನಿಂದ ಯಾರೋ “ಘಾಟಿ”, ಅಂದರೆ ಘಟ್ಟದ ಮೇಲಿನ ಗಮಾರರು, ಎಂದು ಬೈದದ್ದು ನಮಗೆ ಕೇಳಲೆಂದೇ ಇತ್ತು.

ಮೀನುಗಾರರ ಕೇರಿ ದಾಟಿ ದಂಡೆಗೆ ಬಂದಾಗ ಫಕ್ಕೀರವ್ವ ನಿಂತರು. ಡಬ್ಬಿಯಲ್ಲಿದ್ದ ಶೇಂಗಾ ಹೋಳಿಗೆ, ರೊಟ್ಟಿ, ಹಡಗಿನಿಂದ ಕಟ್ಟಿಕೊಂಡಿದ್ದ ಮೊಸರನ್ನ ಎಲ್ಲವನ್ನೂ ಒಂದೇ ಪಾತ್ರೆಯಲ್ಲಿ ಕಲಸತೊಡಗಿದರು. ಆಗ ನಮಗೆ ಅರ್ಥವಾಯಿತು.

“ಅವ್ವಾ, ಇದೇನ ಹೊಲಾನ?”

“ನಮ್ಮ ಹೊಲಾ ಎಲ್ಲೈತಿ, ತೋರಸು. ಅಲ್ಲೇ ಚೆಲ್ತೇನಿ.”

ಅವರು ಮಗನ ಕೈಗೆ ನೀರಿನ ಬಾಟಲಿ ಕೊಟ್ಟು, “ಹಿಂದ ಬಾ. ನಾ ಕೂಗಿದ ಮ್ಯಾಲ ನೀ ಅನ್ನು,” ಎಂದರು.

ನಾವು ಬಯಲುಸೀಮೆಯವರು ಮಾಡಿದ ತಪ್ಪು ಇಲ್ಲಿದೆ. ದಂಡೆಯ ಮೇಲೆ ಹಾಸಿದ್ದ ಬಲೆಗಳನ್ನು ನೋಡಿದ್ದೆವು, ಆದರೆ ಅವುಗಳ ಮೇಲೆ ಮೀನು ಒಣಹಾಕಿದ್ದಾರೆ, ಕಾಗೆ ಬಾರದಂತೆ ಹೆಂಗಸರು ಬೆಳಗಿನಿಂದ ಕಾಯುತ್ತಿದ್ದಾರೆ ಎಂಬುದು ಹೊಳೆಯಲಿಲ್ಲ. ಫಕ್ಕೀರವ್ವ ಸೆರಗು ಕಟ್ಟಿ, ಕೂಗುತ್ತ ಎರಚಿದರು. ಅನ್ನ ಬಿದ್ದದ್ದೇ ತಡ, ಕಾಗೆಗಳು ಮುತ್ತಿದವು. ಹಿಂದೆಯೇ ನಾಯಿಗಳು. ಅನ್ನ ಬಿಟ್ಟು ಮೀನಿಗೆ ಬಾಯಿ ಹಾಕಿದವು. ಹೆಂಗಸರು ಕೋಲು ಹಿಡಿದು ಓಡಿಬಂದು ನಮ್ಮನ್ನು ಸುತ್ತುವರಿದು ಬೈಯತೊಡಗಿದರು. ಗಂಡಸರೂ ಎದ್ದು ಬಂದರು.

ಫಕ್ಕೀರವ್ವ ನಿಲ್ಲಿಸಲಿಲ್ಲ. ಮತ್ತೆ ಕೂಗಿ ಹಿಂದಕ್ಕೆ ನೋಡಿದರು. ಮಗ ಬಾಟಲಿ ಹಿಡಿದು ನಿಂತಿದ್ದ, ತುಟಿ ಬಿಚ್ಚಲಿಲ್ಲ.

“ಅನ್ನೋ! ಬಾಯಿ ಸತ್ತೈತೇನ ನಿಂದು?”

“ಮಂದಿ ಹೊಡ್ಯಾಕ ಬಂದೈತಿ, ಲಗೂ ನಡೀ ಅವ್ವಾ.”

ಅವರು ಸಮುದ್ರದ ಕಡೆ ತಿರುಗಿ ಇನ್ನೊಮ್ಮೆ ಕೂಗಿದರು. ಆಗ ಉತ್ತರ ಬಂತು.

ಗಂಡಸಿನ ದನಿ. ಒಣಗಿದ ಗಂಟಲಿನಿಂದ ಎಳೆದು ಕೂಗಿದಂತಿತ್ತು. ‘ಚಲ್ಲಂಬ್ರಿಗ್ಯೋ’ ಎಂಬುದು ನನಗೆ ಸ್ಪಷ್ಟವಾಗಿ ಕೇಳಿಸಿತು. ನೀರಿನ ಕಡೆಯಿಂದ ಬಂತು. ಅಲ್ಲಿ ಲಂಗರು ಹಾಕಿದ ಕೆಲವು ದೋಣಿಗಳಿದ್ದವು, ಮನುಷ್ಯರು ಕಾಣಲಿಲ್ಲ. ನನಗೊಬ್ಬನಿಗೆ ಕೇಳಿಸಿದ್ದರೆ ಇದನ್ನು ಬರೆಯುತ್ತಿರಲಿಲ್ಲ. ಎದುರಿಗೆ ಬೈಯುತ್ತಿದ್ದ ಹೆಂಗಸು ಬೈಗುಳವನ್ನು ಅರ್ಧಕ್ಕೇ ಬಿಟ್ಟು ಸಮುದ್ರದ ಕಡೆ ನೋಡಿದಳು. ಬಲೆ ಸರಿಪಡಿಸುತ್ತಿದ್ದ ಮುದುಕನೂ ಎದ್ದು ನಿಂತು ಕಣ್ಣಿಗೆ ಕೈ ಅಡ್ಡ ಹಿಡಿದ.

ಆಮೇಲೆ ಆ ಜನರ ಸಿಟ್ಟು ಬೇರೆಯಾಯಿತು. ಮೊದಲು ಮೀನಿಗಾಗಿ ಬೈಯುತ್ತಿದ್ದರು, ಈಗ ನಮ್ಮನ್ನು ಅಲ್ಲಿಂದ ತೊಲಗಿಸಬೇಕೆಂಬ ಅವಸರ. ಒಬ್ಬ ಪಾತ್ರೆ ಕಸಿದು ಎಸೆದ, ಇನ್ನೊಬ್ಬ ನನ್ನ ಎದೆಗೆ ಕೈಹಾಕಿ ತಳ್ಳಿದ. ಅಷ್ಟರಲ್ಲಿ ಫಕ್ಕೀರವ್ವ ಮೊಣಕಾಲಿನ ತನಕ ನೀರಿಗಿಳಿದಿದ್ದರು. “ಇನ್ನೊಮ್ಮೆ ಅನ್ರಿ, ಒಂದs ಸಲ,” ಎಂದು ದೋಣಿಗಳ ಕಡೆ ಬೇಡುತ್ತಿದ್ದರು. ನಾವಿಬ್ಬರೂ ರಟ್ಟೆ ಹಿಡಿದು ಎಳೆದುಕೊಂಡು ಬಂದೆವು. ದಾರಿಯುದ್ದಕ್ಕೂ ನಮ್ಮ ಬೆನ್ನಿಗೆ ಮರಳು ಬೀಳುತ್ತಿತ್ತು.

ಬಸ್ಸಿನಲ್ಲಿ ಚನಬಸಪ್ಪ ನನ್ನ ಪಕ್ಕ ಕೂರಲಿಲ್ಲ. ಇಳಿಯುವಾಗ ಕಿವಿಯ ಹತ್ತಿರ ಬಂದು, “ನಮ್ಮವ್ವನ ಜೋಡಿ ಚೇಷ್ಟಿ ಮಾಡಬಾರದಿತ್ತ ನೀ,” ಎಂದ. ನಾನಲ್ಲ ಎಂದೆ. “ಮತ್ಯಾರ? ಅಲ್ಲೆ ಕನ್ನಡ ಬರಾಂವ ಯಾವ ಇದ್ದ?” ಎಂದ.

ಊರಿಗೆ ಬಂದ ಮೇಲೆ ನಾನು ವಿಚಾರಿಸಿದೆ. ಆ ಬಂದರಿನ ದೋಣಿಗಳಲ್ಲಿ ನಮ್ಮ ಜಿಲ್ಲೆಯ ಕೂಲಿಗಳಿದ್ದಾರೆಂದು ಗೊತ್ತಿತ್ತು. ಅವರನ್ನು ಕೆಲಸಕ್ಕೆ ಕಳಿಸುವವನನ್ನು ಹುಡುಕಿ ಫೋನು ಮಾಡಿದೆ. ಹಬ್ಬಕ್ಕೆಂದು ಅವರೆಲ್ಲ ಊರಿಗೆ ಹೋಗಿದ್ದರು ಎಂದ. ಒಬ್ಬನಾದರೂ ಉಳಿದಿರಬಹುದು. ಇಲ್ಲವೆಂದು ಸಾಧಿಸಲು ನನ್ನಿಂದ ಆಗಲಿಲ್ಲ.

ಇತ್ತ ಫಕ್ಕೀರವ್ವ ಊಟ ಬಿಟ್ಟರು. ನಿಮ್ಮಪ್ಪ ಉಪ್ಪುನೀರಿನಲ್ಲಿ ಒಬ್ಬರೇ ಇದ್ದಾರೆ, ನನ್ನನ್ನು ಅಲ್ಲಿಗೆ ಬಿಟ್ಟು ಬಾ ಎಂದು ಮಗನಿಗೆ ಗಂಟುಬಿದ್ದರು. ದಿನದಿಂದ ದಿನಕ್ಕೆ ಇಳಿದುಹೋದರು. ಮಾತು ಬಿಟ್ಟಿದ್ದ ಚನಬಸಪ್ಪ ಕೊನೆಗೆ ಹಾವೇರಿಗೇ ಬಂದ. ಬಂದವನು ಕೂರಲಿಲ್ಲ.

“ನಾನs ಕೂಗಿದ್ದೆ ಅಂತ ಅವ್ವನ ಮುಂದ ಹೇಳಿಬಿಡು. ನೀ ಪೇಪರಿನಾಂವ, ನಿನ್ನ ಮಾತ ನಂಬ್ತಾಳ.”

“ನಾ ಕೂಗಿಲ್ಲಲೋ.”

“ಕೂಗೀಯೋ ಬಿಟ್ಟೀಯೋ, ಆಕಿ ಉಣ್ಣಬೇಕು. ಅಷ್ಟs.”

ರಾಣೆಬೆನ್ನೂರಿಗೆ ಹೋದೆ. ಫಕ್ಕೀರವ್ವ ಪಡಸಾಲೆಯಲ್ಲಿ ಗೋಡೆಗೆ ಒರಗಿದ್ದರು. ಕಲಿತುಕೊಂಡು ಹೋದ ಮಾತನ್ನು ಹೇಳಿದೆ: ಅವತ್ತು ಕೂಗಿದ್ದು ನಾನೇ, ನೀವು ಕರೆಯುವುದನ್ನು ನೋಡಿ ತಡೆಯಲಾಗಲಿಲ್ಲ.

“ಹೌದ? ಹಂಗಾರ ಈಗೊಮ್ಮೆ ಕೂಗಪಾ.”

ಚನಬಸಪ್ಪ ಕಣ್ಣಲ್ಲೇ ಕೂಗು ಎಂದ. ದಂಡೆಯಲ್ಲಿ ಕೇಳಿದ್ದನ್ನು ನೆನಪಿಸಿಕೊಂಡು, ಗಂಟಲು ಬಿಗಿಹಿಡಿದು ಕೂಗಿದೆ. ಪಕ್ಕದ ಮನೆಯವರು ಬಾಗಿಲಿಗೆ ಬಂದು ಇಣುಕಿದರು. ಫಕ್ಕೀರವ್ವ ಗೋಡೆ ಬಿಟ್ಟು ನೆಟ್ಟಗೆ ಕೂತರು.

“ಕಡೀಕ ಹೋ ಹೋ ಅಂದ್ಯಲ್ಲ, ಅದನ್ನ ಯಾರು ಕಲಿಸಿದ್ರು ನಿನಗ?”

ನಾನು ಚನಬಸಪ್ಪನ ಕಡೆ ನೋಡಿದೆ.

“ಎತ್ತ ನಿಲ್ಲಸೂವಾಗ ಅಂತಾರಲ್ಲ, ಹಂಗ. ಚರಗದಾಗ ಯಾರೂ ಅನ್ನೂದಿಲ್ಲ ಅದನ್ನ. ಅವರೊಬ್ಬರs ಅಂತಿದ್ರು. ಬಾಜೂ ಹೊಲದಾವ್ರು ನಗ್ತಿದ್ರು. ಕೇಳು ಇವನ್ನ.”

ಚನಬಸಪ್ಪ ಮುಖ ಆಚೆ ತಿರುಗಿಸಿದ್ದ. ಫಕ್ಕೀರವ್ವ ಅವನಿಗೇ ಹೇಳಿದರು: “ಇಂವ ಕೂಗಿಲ್ಲ, ಕೇಳ್ಯಾನ. ನೀ ಬಾಯಿ ಬಿಡಲಿಲ್ಲ ನೋಡು, ನಿನ್ನ ಪಾಳಿನೂ ಅವರs ಮಾಡಿದ್ರು.” ಆಮೇಲೆ ಸೊಸೆಯನ್ನು ಕರೆದು ರೊಟ್ಟಿ ಕೇಳಿದರು. ನಾನು ಅಲ್ಲಿರುವಾಗಲೇ ಉಂಡರು. ಮುಂದೆ ಸಮುದ್ರದ ಮಾತೆತ್ತಲಿಲ್ಲವಂತೆ.

ಬೀದಿಗೆ ಬಂದಾಗ ಚನಬಸಪ್ಪ ನನ್ನ ಹಿಂದೆಯೇ ಬಂದ. “ಒಂದು ಸುಳ್ಳ ಹೇಳಂತ ಕರದೆ. ಅದನ್ನೂ ನೆಟ್ಟಗ ಹೇಳಲಿಲ್ಲ ನೀ. ಇನ್ನ ನಮ್ಮ ಮನೀಗೆ ಬರಬ್ಯಾಡ,” ಎಂದು ಬಾಗಿಲು ಹಾಕಿಕೊಂಡ. ಇಂದಿಗೂ ರಸ್ತೆಯಲ್ಲಿ ಎದುರಾದರೆ ದಾಟಿ ಆಚೆ ಬದಿಗೆ ಹೋಗುತ್ತಾನೆ.

ಕೇಳಿದ್ದನ್ನು ಕೇಳಿದ ಹಾಗೇ ಕೂಗಿದ್ದರೆ ದಂಡೆಯಲ್ಲಿ ಆ ದನಿ ಯಾರದು ಎಂಬ ಒಂದೇ ಪ್ರಶ್ನೆ ಉಳಿಯುತ್ತಿತ್ತು. ನನ್ನನ್ನು ಕಾಡುವುದು ಅದಲ್ಲ. ಅವತ್ತಿನ ಕೂಗನ್ನು ಎಷ್ಟೋ ಸಲ ಮನಸ್ಸಿನಲ್ಲಿ ತಿರುಗಿ ಕೇಳಿಸಿಕೊಂಡಿದ್ದೇನೆ. ನನ್ನ ನೆನಪಿನಲ್ಲಿರುವುದು ಆ ಒಂದು ಪದ ಮಾತ್ರ. ಅದಾದ ಮೇಲೆ ಕಾಗೆಗಳ ಸದ್ದು. ‘ಹೋ ಹೋ’ ಎಂಬುದನ್ನು ಅಲ್ಲಿ ಕೇಳಿದ ನೆನಪು ನನಗಿಲ್ಲ. ಫಕ್ಕೀರವ್ವನ ಪಡಸಾಲೆಯಲ್ಲಿ ಅದು ನನ್ನ ಬಾಯಿಂದ ಹೊರಟದ್ದಷ್ಟೇ ನೆನಪಿದೆ.