ಮೀನಿಗಾಗಿ ಕೇಳಿಸಿದ ಗುಡುಗು

ಎಲ್ಲರ ಕೈಗೂ ಮೊಬೈಲು ಬಂದು, ಮಳೆ ಯಾವಾಗ ಬರುತ್ತದೆಂದು ಅದೇ ಹೇಳತೊಡಗುವುದಕ್ಕೆ ಮೊದಲಿನ ಕಾಲ ಅದು. ಆಗೆಲ್ಲ ಮೂಡಿಗೆರೆಯಲ್ಲಿ ಮಾರ್ಚ್ ತಿಂಗಳು ಬಂತೆಂದರೆ ಒಬ್ಬರೂ ನಿಂತಲ್ಲಿ ನಿಲ್ಲುತ್ತಿರಲಿಲ್ಲ. ಕಾಫಿ ಗಿಡಗಳಲ್ಲಿ ಮೊಗ್ಗು ಕಟ್ಟಿಕೊಂಡು ಕೂತಿರುತ್ತಿತ್ತು. ಹದವಾಗಿ ಒಂದು ಮಳೆ ಬಿದ್ದರೆ ಹೂವು, ಬೀಳದಿದ್ದರೆ ಆ ವರ್ಷದ ಫಸಲು ಹೋಯಿತೆಂದೇ ಲೆಕ್ಕ. ಹೂಮಳೆ ಎಂದು ಅದಕ್ಕೆ ಹೆಸರು. ಬಸ್ ಸ್ಟ್ಯಾಂಡಿನಲ್ಲಿ ಇಬ್ಬರು ಎದುರಾದರೆ ಊಟ ಆಯಿತಾ ಎಂದು ಕೇಳುವ ಬದಲು "ನಿಮ್ ಕಡೆ ಎಷ್ಟ್ ಸೆಂಟ್ ಬಂತು?" ಎನ್ನುತ್ತಿದ್ದರು. ಮಳೆಯನ್ನು ಸೆಂಟಿನಲ್ಲಿ, ಅಂದರೆ ಇಂಚಿನ ನೂರರಲ್ಲೊಂದು ಪಾಲಿನಲ್ಲಿ, ಅಳೆಯುವ ಊರು ನಮ್ಮದು.

ನಮಗೆ ತೋಟವಿರಲಿಲ್ಲ. ಅಪ್ಪನದು ಎಸ್ಟೇಟಿನವರಿಗೆ ಬೇಕಾಗುವ ಗಂಬೂಟು, ಟಾರ್ಪಾಲು, ಔಷಧಿ ಹೊಡೆಯುವ ಪಂಪು, ಕತ್ತಿಗಳ ಅಂಗಡಿ. ಅಂಗಡಿಯ ಹಿಂದೆಯೇ ಮನೆ. ನಮ್ಮ ನಡುಮನೆಗೆ ಬಂದವರ ಮೂಗಿಗೆ ಮೊದಲು ಹೊಡೆಯುತ್ತಿದ್ದುದು ಹೊಸ ರಬ್ಬರಿನ ವಾಸನೆ, ಆಮೇಲೆ ಒಗ್ಗರಣೆಯದು. ತೋಟ ಇದ್ದವರಿಗಿಂತ ಅಪ್ಪನಿಗೇ ಚಡಪಡಿಕೆ ಹೆಚ್ಚು. ಮಳೆ ಬಂದರೆ ತಾನೇ ಬೆಳೆಗಾರರ ಕೈ ಸಡಿಲವಾಗುವುದು! ಅಪ್ಪ ಗಿರಾಕಿಗೆ ಗಂಬೂಟು ತೋರಿಸುತ್ತ ತೋರಿಸುತ್ತಲೇ ಹೊರಗೆ ಹೋಗಿ ಆಕಾಶ ನೋಡಿ ಬರುತ್ತಿದ್ದರು. ಗಿರಾಕಿ ಒಂದು ಕಾಲಿಗೆ ಬೂಟು ಹಾಕಿಕೊಂಡು ಕಾಯುತ್ತ ಕೂತಿರುತ್ತಿದ್ದ.

ನಾನು ಐದನೇ ಕ್ಲಾಸಿನಲ್ಲಿದ್ದ ಆ ಮಾರ್ಚಿನಲ್ಲಿ ಚಿಕ್ಕಮಗಳೂರಿನಿಂದ ಅಮ್ಮನ ತಮ್ಮ, ನನ್ನ ಸೋದರಮಾವ ಬಂದ. ಅವನ ತಲೆಗೆ ಆಗಷ್ಟೇ ವಾಸ್ತುವಿನ ಹುಚ್ಚು ಹತ್ತಿತ್ತು. ಕೈಯಲ್ಲಿ ನೀರು ತುಂಬಿದ ಪ್ಲಾಸ್ಟಿಕ್ ಚೀಲ, ಅದರೊಳಗೆ ನೀಲಿ ಮೈ, ಕೆಂಪು ಬಾಲದ ಫೈಟರ್ ಮೀನು. ನನಗೆಂದೇ ತಂದಿದ್ದ.

ಅಜ್ಜಿ, ಅಂದರೆ ಅಪ್ಪನ ತಾಯಿ, ದೂರದಿಂದಲೇ ನೋಡಿ ಮುಖ ತಿರುಗಿಸಿದರು. "ಲಿಂಗ ಕಟ್ಟಿದ ಮನೇಲಿ ಮೀನು ತಂದಿಟ್ರಲ್ಲ."

"ತಿನ್ನಕ್ಕಲ್ಲ ಅಮ್ಮ, ನೋಡಕ್ಕೆ," ಎಂದ ಮಾವ ಅವರ ಕಿವಿಯ ಹತ್ತಿರ ಹೋಗಿ ಗಟ್ಟಿಯಾಗಿ. ಅಜ್ಜಿಗೆ ಕಿವಿ ಮಂದ.

"ನೋಡಕ್ಕೆ ಮೊಮ್ಮಗಳಿಲ್ವ ನಂಗೆ?"

ಮಾವ ಮನೆಯೆಲ್ಲ ಸುತ್ತಿ, ದಿಕ್ಕು ಅಳೆದು, ನಡುಮನೆಯ ಈಶಾನ್ಯ ಮೂಲೆಯನ್ನು ಆರಿಸಿದ. ಅಲ್ಲಿ ನಮ್ಮ ಕಬ್ಬಿಣದ ಬೀರು ಇತ್ತು, ಬಾಗಿಲಿಗೆ ಆಳುದ್ದದ ಕನ್ನಡಿ. ಅದಕ್ಕೆ ತಾಗಿದಂತೆ ಸ್ಟೂಲು ಎಳೆದು, ಮೀನಿನ ಗಾಜಿನ ಭರಣಿಯನ್ನು ಅದರ ಮೇಲಿಟ್ಟ.

"ಈಶಾನ್ಯದಲ್ಲಿ ನೀರಿದ್ದು, ಅದ್ರಲ್ಲಿ ಜೀವ ಆಡ್ತಾ ಇದ್ರೆ ಅಂಗಡಿ ನಿಲ್ಲದೆ ಓಡ್ತದೆ ಭಾವ. ಅದೂ ಕನ್ನಡಿ ಮುಂದೆ. ಒಂದಿದ್ದದ್ದು ಎರಡಾಗ್ತದೆ. ಯಾವ ಕಾರಣಕ್ಕೂ ಜಾಗ ಬದಲಾಯಿಸ್ಬೇಡಿ."

ಮೀನು ಕನ್ನಡಿಯ ಕಡೆ ತಿರುಗಿದ್ದೇ ತಡ, ಕಿವಿರುಗಳನ್ನು ಅಗಲಿಸಿ, ಬಾಲವನ್ನು ಬೀಸಣಿಗೆಯಂತೆ ಬಿಚ್ಚಿ, ಗಾಜಿಗೆ ಮೂತಿ ಗುದ್ದಿಕೊಂಡು ಆ ತುದಿಯಿಂದ ಈ ತುದಿಗೆ ಓಡಾಡತೊಡಗಿತು. ಅಪ್ಪನಿಗೆ ಎಲ್ಲಿಲ್ಲದ ಖುಷಿ. "ಹೆಂಗೆ ಕುಣೀತದೆ ನೋಡು ಮಾರಾಯ!" ಆಮೇಲೆ ಅಂಗಡಿಗೆ ಬಂದವರನ್ನೆಲ್ಲ ಒಳಗೆ ಕರೆದು ತೋರಿಸಿದ್ದೇ ತೋರಿಸಿದ್ದು. ನಾನು ಅದಕ್ಕೆ ಸರದಾರ ಎಂದು ಹೆಸರಿಟ್ಟೆ. ಹಿತ್ತಲ ಡ್ರಮ್ಮಿನಿಂದ ಸೊಳ್ಳೆಮರಿಗಳನ್ನು ಸೋಸಿ ತಂದು ಹಾಕುವುದು ನನ್ನ ಕೆಲಸ. ಅಜ್ಜಿಗೆ ಅದೂ ಹಿಂಸೆ. ನಾನಿಲ್ಲದಾಗ ಅವರು ಮೊಸರನ್ನದ ಅಗುಳು ಹಾಕಿರುತ್ತಿದ್ದರು. ಸರದಾರ ಅದನ್ನು ಮೂಸಿಯೂ ನೋಡುತ್ತಿರಲಿಲ್ಲ.

ಒಂದು ವಾರ ಕಳೆಯುವಷ್ಟರಲ್ಲಿ ಅವನು ಹುಳವನ್ನೂ ತಿನ್ನುವುದು ಬಿಟ್ಟ. ಕುಣಿತ ಮಾತ್ರ ನಿಲ್ಲಲಿಲ್ಲ. ಬಾಲದ ಅಂಚು ಹರಿದು ಜೂಲಾಯಿತು, ನೀಲಿ ಬಣ್ಣ ಮಾಸಿತು. ಸುಸ್ತಾಗಿ ತಳಕ್ಕಿಳಿದು ಒರಗಿಕೊಳ್ಳುತ್ತಿದ್ದ, ಸ್ವಲ್ಪ ಹೊತ್ತಿಗೆ ಮತ್ತೆ ಮೇಲೆದ್ದು ಕನ್ನಡಿಗೆ ನುಗ್ಗುತ್ತಿದ್ದ. ನನಗೆ ಪರೀಕ್ಷೆ ಹತ್ತಿರ ಬಂದಿತ್ತು. ಪುಸ್ತಕ ತೆರೆದರೆ ಅಕ್ಷರ ನಿಲ್ಲುತ್ತಿರಲಿಲ್ಲ. ಕುಂಟೆಬಿಲ್ಲೆ ಆಡುವಾಗಲೂ ಅರ್ಧಕ್ಕೇ ಬಿಟ್ಟು ಮನೆಗೆ ಓಡಿಬಂದು ಸರದಾರ ಉಸಿರಾಡುತ್ತಿದ್ದಾನಾ ಎಂದು ನೋಡುತ್ತಿದ್ದೆ. ಅವನು ಸಾಯುತ್ತಿದ್ದಾನೆ ಎಂಬುದು ನನಗೆ ಗೊತ್ತಾಗಿತ್ತು, ಯಾಕೆ ಎಂಬುದು ಗೊತ್ತಿರಲಿಲ್ಲ. ಅಪ್ಪ ಹೊರಗೆ ಆಕಾಶ ನೋಡುತ್ತ ತಿರುಗುತ್ತಿದ್ದರು, ನಾನು ಒಳಗೆ ಭರಣಿಯ ಸುತ್ತ ತಿರುಗುತ್ತಿದ್ದೆ.

ಒಂದು ಸಂಜೆ ಗುಡುಗಿತು. ಸಿಡಿಲು ಮಿಂಚು ಬಂದಾಗ ಕನ್ನಡಿ ತೆರೆದಿರಬಾರದು ಎಂಬುದು ನಮ್ಮ ಮನೆಯ ಪದ್ಧತಿ, ಸಿಡಿಲು ಕನ್ನಡಿ ಹುಡುಕಿಕೊಂಡು ಬರುತ್ತದಂತೆ. ಅಜ್ಜಿ ತಮ್ಮ ಹಳೇ ಸೀರೆಯನ್ನು ಬೀರುವಿನ ಮೇಲಿಂದ ಇಳಿಬಿಟ್ಟರು. ಅಮ್ಮ ಟೀವಿಯ ಪ್ಲಗ್ಗು ಕಿತ್ತರು. ಅಪ್ಪ ಅಂಗಳದಲ್ಲಿ ಅಂಗೈ ಚಾಚಿ ನಿಂತರು. ನಾಲ್ಕು ಹನಿ ಉದುರಿ, ಧೂಳಿನ ವಾಸನೆ ಎದ್ದು, ಅಷ್ಟಕ್ಕೇ ಮಳೆ ಮುಗಿಯಿತು. "ಇದು ಮೊಗ್ಗಿನ ಮೈ ಒರೆಸಕ್ಕೂ ಸಾಲಲ್ಲ," ಎಂದು ಗೊಣಗುತ್ತ ಅಪ್ಪ ಒಳಗೆ ಬಂದರು.

ನಾನು ಭರಣಿ ನೋಡಿದೆ. ಸರದಾರ ಸುಮ್ಮನಿದ್ದ. ಬಾಲ ಮಡಚಿಕೊಂಡು ನಿಧಾನವಾಗಿ ತೇಲುತ್ತಿದ್ದ. ಒಂದು ಸೊಳ್ಳೆಮರಿ ಹಾಕಿದೆ, ತಿಂದ. ಇನ್ನೊಂದು ಹಾಕಿದೆ, ಅದನ್ನೂ ತಿಂದ. ಮರುದಿನ ಬೆಳಿಗ್ಗೆ ಅಪ್ಪ ತಲೆ ಬಾಚಲು ಸೀರೆ ಸರಿಸಿದರು. ಸರದಾರ ಮತ್ತೆ ಯುದ್ಧಕ್ಕೆ ಬಿದ್ದ. ಆಗ ನನಗೆ ಹೊಳೆಯಿತು.

"ಅಪ್ಪಾ, ಅದು ಕುಣೀತಾ ಇಲ್ಲ. ಕನ್ನಡೀಲಿ ಇರೋದು ಬೇರೆ ಮೀನು ಅಂದ್ಕೊಂಡು ಜಗಳ ಆಡ್ತಾ ಇದೆ. ಬೇರೆ ಕಡೆ ಇಡಣ."

"ಜಾಗ ಬದಲಾಯಿಸ್ಬೇಡಿ ಅಂದಿದಾನೆ ನಿನ್ ಮಾವ. ಮಳೆ ಬೇರೆ ಬರ್ಲಿಲ್ಲ. ಸುಮ್ನೆ ಓದ್ಕೋ ಹೋಗು."

"ಹಂಗಾದ್ರೆ ಕನ್ನಡಿ ಮುಚ್ಚಿಡಣ."

"ಗುಡುಗಿಲ್ದೆ ಯಾರಾದ್ರೂ ಕನ್ನಡಿ ಮುಚ್ತಾರನೇ?"

ಹಿತ್ತಲ ಕಟ್ಟೆಯ ಮೇಲೆ ಕೂತು ಅತ್ತೆ. ಅಜ್ಜಿ ಪಕ್ಕದಲ್ಲಿ ಮಾವಿನ ಮಿಡಿಯ ತೊಟ್ಟು ಬಿಡಿಸುತ್ತಿದ್ದರು. ಸೊನೆಯ ಘಾಟು ಮೂಗಿಗೆ ಹತ್ತುತ್ತಿತ್ತು. ಅವರ ಕಿವಿಗೆ ಬಾಯಿಟ್ಟು ಎಲ್ಲವನ್ನೂ ಕೂಗಿ ಹೇಳಿದೆ. ಅವರು ಸೊನೆ ಮೆತ್ತಿದ ಕೈಯನ್ನು ಸೆರಗಿಗೆ ಒರೆಸಿಕೊಂಡು ಒಳಗೆ ಹೋದರು.

ಆ ಮಧ್ಯಾಹ್ನ ಸುಡುವ ಬಿಸಿಲು. ಆಕಾಶದಲ್ಲಿ ಮೋಡದ ಚೂರೂ ಇಲ್ಲ. ಅಜ್ಜಿ ಸೀರೆ ತೆಗೆದು ಕನ್ನಡಿಗೆ ಇಳಿಬಿಟ್ಟರು.

"ಇದ್ಯಾಕವ್ವ?" ಎಂದರು ಊಟಕ್ಕೆ ಬಂದ ಅಪ್ಪ.

"ಗುಡುಗ್ತಾ ಇದೆ. ಕಳಸದ ಕಡೆ."

ಅಪ್ಪ ಕಲಸಿದ ಅನ್ನ ಬಿಟ್ಟು ಎದ್ದು ಹೊರಗೆ ಓಡಿದರು. ಕುಕ್ಕರ್ ಕೂಗಿದ್ದೂ ಕೇಳಿಸದ ಕಿವಿಗೆ ಅಷ್ಟು ದೂರದ ಕಳಸದ ಗುಡುಗು ಹೇಗೆ ಕೇಳಿಸಿತೆಂದು ಅವರಿಗೆ ಹೊಳೆಯಲೇ ಇಲ್ಲ. ಮಳೆಗೆ ಕಾದು ಕೂತವರು ಅಂಥದ್ದನ್ನೆಲ್ಲ ಕೇಳುವುದಿಲ್ಲ. ಅಂದಿನಿಂದ ಅಜ್ಜಿಗೆ ದಿನಾ ಗುಡುಗು ಕೇಳಿಸತೊಡಗಿತು. ಬೆಳಿಗ್ಗೆ ಎಲ್ಲರ ತಲೆ ಬಾಚಿ ಮುಗಿಯುವವರೆಗೆ ಸುಮ್ಮನಿದ್ದು, ಆಮೇಲೆ ಗುಡುಗುತ್ತಿತ್ತು. ಸರದಾರ ತಿನ್ನತೊಡಗಿದ, ಬಾಲದ ಅಂಚಿನಲ್ಲಿ ಹೊಸ ಪೊರೆ ಚಿಗುರಿತು. ನನಗೆ ಲೆಕ್ಕದ ಪುಸ್ತಕ ಅರ್ಥವಾಗತೊಡಗಿತು.

ಆದರೆ ಅಪ್ಪನ ಬಾಯಿ ಸುಮ್ಮನಿರಬೇಕಲ್ಲ. "ನಮ್ಮವ್ವಂಗೆ ದಿನಾ ಗುಡುಗು ಕೇಳ್ತಾ ಇದೆ, ಮಳೆ ದೂರ ಇಲ್ಲ," ಎಂದು ಅಂಗಡಿಗೆ ಬಂದವರಿಗೆಲ್ಲ ಹೇಳಿದ್ದರು. ಒಂದು ದಿನ ಗೋಣಿಬೀಡಿನ ಪುಟ್ಟೇಗೌಡರು ನೇರ ನಡುಮನೆಗೇ ಬಂದರು, ಹಿಂದೆಯೇ ಅಪ್ಪ. ಸಣ್ಣ ತೋಟದವರು. ಟೋಪಿಯನ್ನು ಕೈಯಲ್ಲಿ ಹಿಡಿದು ತಿರುಗಿಸುತ್ತ, ಅಜ್ಜಿಯ ಮುಂದೆ ನಿಂತು ಗಟ್ಟಿಯಾಗಿ ಕೇಳಿದರು.

"ಅವ್ವಾ, ನಮ್ ಕೆರೇಲಿ ಒಂದ್ಸಲ ತೋಟಕ್ಕೆ ಹೊಡ್ಸೋವಷ್ಟೇ ನೀರಿರೋದು. ಮೊಗ್ಗು ಇನ್ನು ತಡ್ಕಳಲ್ಲ. ಮಳೆ ಬರೋ ಹಂಗಿದ್ರೆ ಆ ನೀರು ಉಳಿಸ್ಕೋತೀನಿ. ನಿಮಗೆ ಗುಡುಗು ಕೇಳ್ತದೆ ಅಂದ್ರು. ಹೌದಾ?"

ಹೌದು ಎಂದರೆ ಗೌಡರು ಕಾಯುತ್ತ ಕೂತು ಮೊಗ್ಗು ಒಣಗುತ್ತದೆ. ಅಲ್ಲ ಎಂದರೆ ಈ ಸೀರೆ ಇವತ್ತೇ ಇಳಿಯುತ್ತದೆ, ಸರದಾರ ಉಳಿಯುವುದಿಲ್ಲ. ಅಜ್ಜಿ ಹೌದು ಅನ್ನಲಿ ಎಂದೇ ನಾನು ಬೇಡಿಕೊಂಡೆ. ಹತ್ತು ವರ್ಷದವಳಿಗೆ ಯಾರದೋ ತೋಟಕ್ಕಿಂತ ತನ್ನ ಮೀನೇ ದೊಡ್ಡದು.

ಅಜ್ಜಿ ನನ್ನ ಮುಖ ನೋಡಿದರು, ಭರಣಿ ನೋಡಿದರು.

"ಗೌಡ್ರೆ, ನೀವು ಇಷ್ಟು ಜೋರಾಗಿ ಹೇಳಿದ್ದೇ ನಂಗೆ ಅರ್ಧ ಕೇಳ್ಸಿದ್ದು. ಗುಡುಗೆಲ್ಲಿ ಕೇಳ್ತದೆ? ನೀರು ಹೊಡ್ಸಿ, ಕಾಯ್ಬೇಡಿ."

ಅಪ್ಪನ ಮುಖ ಕಪ್ಪಿಟ್ಟಿತು. "ಮತ್ತೆ ದಿನಾ ಬಟ್ಟೆ ಯಾಕೆ ಹಾಕ್ತಿದ್ದೆ?"

"ಆ ಮೀನಿಗೆ. ಕನ್ನಡಿ ಜೊತೆ ಹೊಡೆದಾಡಿ ಸಾಯ್ತಾ ಇತ್ತು. ಮಗು ಹೇಳಿದ್ರೆ ನೀನು ಕೇಳ್ಲಿಲ್ಲ. ಗುಡುಗು ಅಂದ್ರೆ ಕೇಳ್ತೀಯ."

ಗೌಡರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಗುತ್ತಲೇ ಜೀಪು ಹತ್ತಿ ಹೋದರು. ಅಪ್ಪ ನಗಲಿಲ್ಲ. ಎದ್ದು ಅಂಗಡಿಗೆ ಹೋದರು. ನಾನು ಭರಣಿಯನ್ನು ತಬ್ಬಿಕೊಂಡು ಕೂತೆ. ಸ್ವಲ್ಪ ಹೊತ್ತಿಗೆ ಅಪ್ಪ ವಾಪಸು ಬಂದರು. ಕೈಯಲ್ಲಿ ಸಾಮಾನು ಕಟ್ಟುವ ದಪ್ಪ ಕಂದು ಕಾಗದ, ದಾರ. ನನ್ನನ್ನು ಆಚೆ ಸರಿಸಿ, ಭರಣಿಯ ಮೂರು ಕಡೆಗೂ ಕಾಗದ ಬರುವಂತೆ ಮಡಚಿ, ನಮ್ಮ ಕಡೆಗೆ ಮಾತ್ರ ಒಂದು ಕಿಟಕಿ ಬಿಟ್ಟು ಬಿಗಿಯಾಗಿ ಕಟ್ಟಿದರು. ಗಿರಾಕಿಗೆ ಕಟ್ಟಿಕೊಡುವ ಅದೇ ಗಂಟು. ಆಮೇಲೆ ಕನ್ನಡಿಯ ಸೀರೆ ತೆಗೆದರು. ಸರದಾರ ಕದಲಲಿಲ್ಲ.

"ಇಷ್ಟೇ ತಾನೆ? ಈಶಾನ್ಯನೂ ಉಳೀತು," ಎಂದು ಅಜ್ಜಿಯ ಕಡೆ ನೋಡದೆ ಹೇಳಿದರು. "ಇಷ್ಟಕ್ಕೆ ಊರಿಗೆಲ್ಲ ನಾನು ಗುಡುಗು ಹಂಚ್ಕೊಂಡು ಬರ್ಬೇಕಾಯ್ತು."

ಗೌಡರು ನೀರು ಹೊಡೆಸಿದರು, ಅವರ ತೋಟ ಬೆಳ್ಳಗೆ ಅರಳಿತು. ನಿಜವಾದ ಮಳೆ ಆಮೇಲೆ ಬಂತು. ಸರದಾರ ಆ ಮಳೆಗಾಲವನ್ನೂ ಕಳೆದು, ಚಳಿ ಶುರುವಾದಾಗ ಒಂದು ಬೆಳಿಗ್ಗೆ ಸತ್ತಿದ್ದ. ಮನೆಯೊಳಗೆ ಮೀನು ಬೇಡ ಎಂದಿದ್ದ ಅಜ್ಜಿಯೇ ದಾಸವಾಳದ ಬುಡದಲ್ಲಿ ಗುಂಡಿ ತೋಡಿಸಿ, ಚಿಟಿಕೆ ವಿಭೂತಿ ಉದುರಿಸಿ ಮಣ್ಣು ಮಾಡಿಸಿದರು. ನಾನು ಕಾಲೇಜಿನಲ್ಲಿದ್ದಾಗ ಅಜ್ಜಿಯೂ ಹೋದರು.

ಈಗ ನನ್ನ ಮಗಳ ಮೇಜಿನ ಮೇಲೆ ಒಂದು ಫೈಟರ್ ಮೀನಿದೆ. ಗಾಜಿನ ಹಿಂದೆ ಅಂಟಿಸಲು ನೀಲಿ ಹಾಳೆಯನ್ನು ಅಂಗಡಿಯವರೇ ಕೊಟ್ಟಿದ್ದಾರೆ. ಮೀನು ಯಾಕೆ ಕಿವಿರು ಅಗಲಿಸುತ್ತದೆಂದು ಮಗಳು ಮೊಬೈಲಿನಲ್ಲಿ ಓದಿ ನನಗೇ ಪಾಠ ಹೇಳುತ್ತಾಳೆ. ಕಳಸದಲ್ಲಿ ಗುಡುಗುವ ಮೊದಲೇ ಆ ಸುದ್ದಿ ನಮ್ಮ ಅಂಗೈಗೆ ಬಂದಿರುತ್ತದೆ, ಬಹುಪಾಲು ಸರಿಯಾಗಿಯೇ ಇರುತ್ತದೆ. ಯಾರೂ ಊಟದ ನಡುವೆ ಎದ್ದು ಹೊರಗೆ ಓಡುವುದಿಲ್ಲ. ನನಗೂ ಏನಾದರೊಂದು ತಳಮಳ ಇದ್ದೇ ಇರುತ್ತದೆ, ಮನೆಯವರು ಕೇಳುತ್ತಾರೆ, ಸಮಾಧಾನ ಹೇಳುತ್ತಾರೆ, ಎಲ್ಲರೂ ಒಳ್ಳೆಯವರೇ. ಆದರೆ ನನ್ನ ಮುಖ ಒಮ್ಮೆ ನೋಡಿ, ಸುಡುವ ಬಿಸಿಲಿನಲ್ಲಿ ಎದ್ದು ಹೋಗಿ, ಇಲ್ಲದ ಗುಡುಗನ್ನು ನನಗಾಗಿ ಕೇಳಿಸಿಕೊಳ್ಳುವವರು ಈಗ ಯಾರೂ ಇಲ್ಲ.