ಗೋಡೆಯಾಚೆಯ ಇಡ್ಲಿ

ಇಡ್ಲಿಯ ವಿಷಯಕ್ಕೆ ಸಿಟ್ಟು ಮಾಡಿಕೊಳ್ಳುವ ಗಂಡಸನ್ನು ಲೋಕ ಗೌರವಿಸುವುದಿಲ್ಲ. ಜಮೀನಿನ ವಿಷಯಕ್ಕೆ ಸಿಟ್ಟಾದರೆ ಧೀರ ಎನ್ನುತ್ತಾರೆ, ದೇಶದ ವಿಷಯಕ್ಕೆ ಸಿಟ್ಟಾದರೆ ಹಾರ ಹಾಕುತ್ತಾರೆ, ಇಡ್ಲಿಗೆ ಸಿಟ್ಟಾದರೆ ಮಾತ್ರ ಪಿತ್ತ ಕೆರಳಿದೆ, ಜೀರಿಗೆ ಕಷಾಯ ಕುಡಿಯಿರಿ ಎನ್ನುತ್ತಾರೆ. ನಮ್ಮ ಮನೆಯಲ್ಲಿ ಆ ಕಷಾಯವನ್ನು ನಾನು ಒಂದು ವರ್ಷದಿಂದ ಕುಡಿಯುತ್ತಿದ್ದೇನೆ. ಪಿತ್ತ ಇಳಿದಿಲ್ಲ. ಇಳಿಯಬಾರದು ಎಂದೇ ನನ್ನ ಆಸೆ. ಆದ್ದರಿಂದ ನೀವು ನನಗೆ ಸಮಾಧಾನ ಹೇಳಲು ಬರಬೇಡಿ. ಸುಮ್ಮನೆ ಕೂತು ಕೇಳಿ, ಆದರೆ ನೀವೂ ಸ್ವಲ್ಪ ಸಿಟ್ಟಾಗಿ.

ನಾನು ಸರ್ವೆ ಇಲಾಖೆಯ ಮೋಜಣಿದಾರ, ಎಂದರೆ ಸರಪಳಿ ಹಿಡಿದು ಹೊಲ ಅಳೆಯುವವನು. ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ, ಈ ನಾಲ್ಕು ಸೀಮೆ ನನ್ನ ಸುತ್ತು. ಮಧುಗಿರಿ ಎನ್ನುವುದು ಈಚೆಗೆ ಇಟ್ಟ ಹೆಸರು, ನನ್ನ ಬಾಯಿಗೆ ಇನ್ನೂ ಮದ್ದಗಿರಿಯೇ ಬರುತ್ತದೆ. ಇದೇ ಸುತ್ತಿನಲ್ಲಿ ಜುಂಜಣ್ಣನೂ ತಿರುಗುತ್ತಿದ್ದ. ಸಿರಾ ಕಡೆಯ ಗೊಲ್ಲರ ಹಟ್ಟಿಯವನು. ನಾಲ್ಕಕ್ಷರ ಕಲಿತು ಸರ್ಕಾರಿ ಕೆಲಸಕ್ಕೆ ಸೇರಿ, ಸಿಡುಬು ಬಾರದಂತೆ ಮಕ್ಕಳ ತೋಳಿಗೆ ದಾಕು ಹಾಕುತ್ತಿದ್ದ. ನಾನು ಊರಿಗೆ ಕಾಲಿಟ್ಟರೆ ರೈತರು ತಮ್ಮ ಗಡಿಕಲ್ಲು ನೋಡಿಕೊಳ್ಳಲು ಓಡುತ್ತಿದ್ದರು. ಅವನು ಕಾಲಿಟ್ಟರೆ ತಾಯಂದಿರು ಮಕ್ಕಳನ್ನು ಕಂಕುಳಿಗೇರಿಸಿಕೊಂಡು ಓಡುತ್ತಿದ್ದರು. ಕಂಡ ಕೂಡಲೇ ಜನ ಓಡುವಂಥ ಇಬ್ಬರಿಗೆ ಪರಸ್ಪರ ಸ್ನೇಹವಾಗದೆ ಇನ್ನೇನಾದೀತು?

ಒಂದು ಬೆಳಿಗ್ಗೆ ಇಬ್ಬರೂ ಹಸಿದುಕೊಂಡು ಬಸ್ಸಿಗೆ ಕಾಯುತ್ತಿದ್ದಾಗ ಒಂದು ಸಂಕಲ್ಪ ಮಾಡಿದೆವು. ನಾಲ್ಕು ಸೀಮೆಯಲ್ಲಿ ಇರುವ ಎಲ್ಲ ಹೋಟೆಲುಗಳ ಬೆಳಗಿನ ತಿಂಡಿ ತಿಂದು, ಯಾವುದು ಮೇಲು ಎಂದು ತೀರ್ಮಾನಿಸಿಯೇ ಬಿಡುವುದು. ಸಂಕಲ್ಪ ಆರು ವರ್ಷ ನಡೆಯಿತು. ನಾನು ಹಿಡಿದ ಬೇರೆ ಯಾವ ವ್ರತವೂ ಆರು ವಾರ ಮುಟ್ಟಿದ್ದಿಲ್ಲ.

ನಮ್ಮ ಕಡೆ ಹೋಟೆಲು ಎನ್ನುವುದೇ ಹೊಸದು. ಅನ್ನವನ್ನು ಮಾರುವುದು ಪಾಪ, ಕೊಂಡು ತಿನ್ನುವುದು ಅದಕ್ಕಿಂತ ಪಾಪ ಎಂದು ನನ್ನ ಸೋದರತ್ತೆ ಸಾಯುವವರೆಗೂ ನಂಬಿದ್ದರು. ಅವರ ಕಣ್ತಪ್ಪಿಸಿ ತಿನ್ನಲು ಶುರುಮಾಡಿದ ನಮ್ಮಂಥವರು ಶಾಸ್ತ್ರದಲ್ಲಿ ಕಿಂಡಿ ಹುಡುಕಬೇಕಾಯಿತು. ಅನ್ನ ಮುಸುರೆ, ಅವಲಕ್ಕಿ ಅಲ್ಲ. ಎಣ್ಣೆಯಲ್ಲಿ ಕರಿದದ್ದಕ್ಕೆ ದೋಷ ಕಡಿಮೆ, ನೀರಿನಲ್ಲಿ ಬೆಂದದ್ದಕ್ಕೆ ಹೆಚ್ಚು. ಆದರೆ ಇಡ್ಲಿ ನೀರಿನಲ್ಲಿ ಬೇಯುವುದಿಲ್ಲ, ಹಬೆಯಲ್ಲಿ ಬೇಯುತ್ತದೆ. ಹಬೆಗೆ ಮಡಿ ಮೈಲಿಗೆ ಉಂಟೇ? ಇದನ್ನು ನಾನು ಒಬ್ಬ ವೈದಿಕರನ್ನು ಕೇಳಿದೆ. ಅವರು ಬಹಳ ಹೊತ್ತು ಕಣ್ಣು ಮುಚ್ಚಿ ಯೋಚಿಸಿ, "ಮಾಡಿದವರು ಯಾರು ಅನ್ನೋದರ ಮೇಲೆ ಹೋಗುತ್ತೆ" ಎಂದರು. ಇಷ್ಟು ಹೇಳಲು ಅಷ್ಟು ಹೊತ್ತು ಕಣ್ಣು ಮುಚ್ಚಬೇಕಿತ್ತೆ? ನಮ್ಮ ಹಳೆಯ ಕಾವ್ಯಗಳಲ್ಲೂ ಇಡ್ಡಲಿಗೆ ಎಂದು ಬರುತ್ತದಂತೆ, ಅತಿಥಿಗೆ ಬಡಿಸುವ ತಿಂಡಿಗಳ ಸಾಲಿನಲ್ಲಿ. ಅತಿಥಿಯನ್ನು ಎಲ್ಲಿ ಕೂರಿಸಿದ್ದರು ಎಂದು ಮಾತ್ರ ಯಾರೂ ಬರೆದಂತಿಲ್ಲ.

ಕೂರಿಸುವ ಜಾಗ ಏಕೆ ಮುಖ್ಯ ಎಂದರೆ, ನಮ್ಮ ಸೀಮೆಯ ಹೋಟೆಲಿಗೆ ಎರಡು ಬಾಗಿಲು. ಒಂದರ ಮೇಲೆ 'ಬ್ರಾಹ್ಮಣರಿಗೆ' ಎಂದು ಹಲಗೆ, ಇನ್ನೊಂದರ ಮೇಲೆ 'ಇತರರಿಗೆ'. ಒಳಗಿನವರಿಗೆ ಬಾಳೆಲೆ, ಹಿತ್ತಾಳೆ ಲೋಟ. ಆಚೆಯವರಿಗೆ ಮುತ್ತುಗದೆಲೆ, ಗಾಜಿನ ಲೋಟ. ನಡುವೆ ಗೋಡೆ. ನಾನು ಬ್ರಾಹ್ಮಣ, ಜುಂಜಣ್ಣ ಇತರ. ಜೊತೆಯಲ್ಲಿ ನಡೆದು ಬಂದು, ಹೊಸ್ತಿಲ ಹತ್ತಿರ ಬೇರೆಯಾಗಿ, ತಿಂದು, ಬೀದಿಯಲ್ಲಿ ಮತ್ತೆ ಸೇರುತ್ತಿದ್ದೆವು. ಬೀದಿಯಲ್ಲೇ ನಿಂತು ತೆಂಗಿನ ಚಿಪ್ಪಿಗೆ ಕಾಫಿ ಹೊಯ್ಯಿಸಿಕೊಳ್ಳುವವರು ಇನ್ನೂ ಕೆಲವರಿದ್ದರು. ಅವರಿಗೆ ಯಾವ ಬಾಗಿಲೂ ಇರಲಿಲ್ಲ, ಅವರ ರುಚಿ ಏನೆಂದು ನಾವಿಬ್ಬರೂ ಕೇಳಲಿಲ್ಲ. ಇದರಲ್ಲಿ ವಿಚಿತ್ರವೇನೂ ನನಗೆ ಕಾಣಿಸುತ್ತಿರಲಿಲ್ಲ. ಹೊಲ ಅಳೆಯುವವನ ಕಣ್ಣು ಎಷ್ಟು ಚುರುಕು ನೋಡಿ.

ಬೀದಿಯಲ್ಲಿ ಸೇರಿದ ಮೇಲೆ ತೀರ್ಪು, ತೀರ್ಪಿನ ಮೇಲೆ ಜಗಳ. ಮದ್ದಗಿರಿ ಬೆಟ್ಟದ ಬುಡದಲ್ಲಿ ಒಬ್ಬ ಭಟ್ಟರ ಹೋಟೆಲಿತ್ತು. ಅಲ್ಲಿನ ಇಡ್ಲಿಗೆ ನಾನು ಪ್ರಾಣ ಬಿಡುತ್ತಿದ್ದೆ.

"ಹೂವಿನ ಹಾಗಿತ್ತಲ್ಲೋ ಜುಂಜಣ್ಣ, ಬಾಯಲ್ಲಿಟ್ಟರೆ ಕರಗಿ ಹೋಯ್ತು" ಎಂದರೆ ಅವನು ದವಡೆ ಒತ್ತಿಕೊಳ್ಳುತ್ತ, "ಕರಗ್ತಾ? ಅಗ್ದೂ ಅಗ್ದೂ ನಂಗೆ ಇಲ್ಲೆಲ್ಲ ನೋಯ್ತಾ ಅದೆ ಸೋಮಿ. ಎಸುದ್ರೆ ನಾಯಿ ಓಡೋಯ್ತದೆ" ಎನ್ನುತ್ತಿದ್ದ.

ಪಾವಗಡದಲ್ಲಿ ಬಡಿಸುವವರಿಗೆ ತೆಲುಗು ಬಿಟ್ಟರೆ ಕೈ ಓಡುವುದಿಲ್ಲ. "ಇಂಕೊಂಚೆಂ ಕಾರಂ ವೇಯನಾ ಸ್ವಾಮೀ?" ಎಂದು ಕೇಳುತ್ತಲೇ ಇನ್ನಷ್ಟು ಖಾರ ಹಾಕಿಬಿಡುತ್ತಾರೆ. ಅಲ್ಲಿನ ಚಟ್ನಿ ತಿಂದು ನನ್ನ ಕಿವಿಯಲ್ಲಿ ಹೊಗೆ ಬಂದಿತ್ತು. ಜುಂಜಣ್ಣ ಆಚೆ ಬಂದು, "ಖಾರ ಎಲ್ಲದೆ? ಮೊಕ ತೊಳ್ಕಂಬೋದು ಅದ್ರಾಗೆ" ಎಂದ. ಕೊರಟಗೆರೆಯ ಉಪ್ಪಿಟ್ಟು ನನಗೆ ಘಮಘಮ, ಅವನಿಗೆ ಸೀದ ವಾಸನೆ. ಆರು ವರ್ಷ ಒಂದೇ ಒಂದು ತಿಂಡಿಯ ಮೇಲೂ ನಮ್ಮ ಅಭಿಪ್ರಾಯ ಕೂಡಲಿಲ್ಲ.

ಸಿರಾದಲ್ಲಿ ಒಬ್ಬ ಸಾಬರ ಚಹಾದಂಗಡಿಯಿತ್ತು. ಒಂದೇ ಬೆಂಚು, ಯಾರು ಬೇಕಾದರೂ ಕೂರಬಹುದು. ಜುಂಜಣ್ಣ ಹೋಗಿ ಆರಾಮಾಗಿ ಕೂತ. ಸಾಬರು ನನ್ನ ಕಡೆ ತಿರುಗಿ, "ಅಂದರ್ ಬನ್ನಿ ಸಾಮಿ, ಬಿಸಿಲಾಗೆ ಯಾಕೆ?" ಎಂದರು. ಚಹಾ ನನಗೆ ಉಷ್ಣ ಎಂದು ಹೇಳಿ ನಾನು ರಸ್ತೆಯಲ್ಲೇ ನಿಂತೆ. ಉರಿಬಿಸಿಲಿನಲ್ಲಿ ನಿಂತುಕೊಂಡು ಉಷ್ಣ ಎನ್ನುವ ಮನುಷ್ಯನನ್ನು ನೋಡಿ ಅವರಿಬ್ಬರೂ ಮರ್ಯಾದೆಗಾಗಿ ನಗಲಿಲ್ಲ.

ಇಷ್ಟರಲ್ಲಿ ನಾನು ಒಂದು ಸಿದ್ಧಾಂತ ಕಟ್ಟಿದ್ದೆ. ರಾಗಿ ಮುದ್ದೆ ನುಂಗಿ ಬೆಳೆದ ನಾಲಿಗೆಗೆ ಇಡ್ಲಿಯ ನಯ ತಿಳಿಯುವುದಿಲ್ಲ ಎಂಬುದು ಆ ಸಿದ್ಧಾಂತ. ಅದನ್ನು ಜುಂಜಣ್ಣನ ಎದುರಿಗೇ ಹೇಳುತ್ತಿದ್ದೆ. ಕಚೇರಿಯಲ್ಲಿ ಹೇಳಿ ನಗಿಸುತ್ತಿದ್ದೆ. ಭಟ್ಟರ ಹೋಟೆಲಿನ ಒಳಗೆ ಕೂತು, ಗೋಡೆಯಾಚೆ ಅವನು ತಿನ್ನುತ್ತಿರುವಾಗಲೇ, ಭಟ್ಟರಿಗೂ ಹೇಳಿ ನಗಿಸಿದ್ದೆ. ಎದುರಿಗೆ ಹೇಳಿದಾಗಲೆಲ್ಲ ಅವನೂ ನಗುತ್ತಿದ್ದ. ಅವನು ನಕ್ಕದ್ದರಿಂದ ಅದು ಸರಿಯೆಂದು ನಾನು ತಿಳಿದೆ.

ಹೋದ ವರ್ಷ ಒಂದು ಬೆಳಿಗ್ಗೆ ಅದೇ ಭಟ್ಟರ ಹೋಟೆಲಿಗೆ ಹೋದೆವು. ಒಳಗೆ ಮದುವೆ ದಿಬ್ಬಣದವರು ತುಂಬಿದ್ದರು. ನಿಮ್ಮಂಥವರನ್ನು ಕಾಯಿಸುವುದುಂಟೇ ರಾಯರೇ ಎಂದು ಭಟ್ಟರು ನನಗೆ ಅಡುಗೆಮನೆಯ ಬಾಗಿಲಲ್ಲೇ ಮಣೆ ಹಾಕಿಕೊಟ್ಟರು. ಅಲ್ಲಿಂದ ಎರಡು ಕಡೆಗೆ ಹೋಗುವ ಎಲೆಗಳೂ ಕಾಣುತ್ತಿದ್ದವು. ಒಲೆಯ ಮೇಲಿನ ಪಾತ್ರೆ ತೆಗೆದರು. ಹಬೆಯಾಡುವ ಇಡ್ಲಿ ಬಾಳೆಲೆಗೆ ಬಿದ್ದು ಒಳಗೆ ಹೋಯಿತು. ಆಮೇಲೆ ಮೂಲೆಯಲ್ಲಿದ್ದ ಮಂಕರಿಯ ಮೇಲಿನ ಒದ್ದೆ ಬಟ್ಟೆ ಸರಿಸಿದರು. ಅದರೊಳಗೆ ನಿನ್ನೆಯ ಇಡ್ಲಿ. ಹಬೆಯ ಮೇಲೆ ಒಂದು ಗಳಿಗೆ ಹಿಡಿದು ಮುತ್ತುಗದೆಲೆಗೆ ಹಾಕಿದರು. ಚಟ್ನಿ ಒಂದೇ ಪಾತ್ರೆಯದು. ಒಳಗಿನವರಿಗೆ ಬಡಿಸಿ, ಅದರಲ್ಲೇ ಒಂದಿಷ್ಟು ಬೇರೆ ತೆಗೆದು, ಅದಕ್ಕೆ ಒಂದು ಚೊಂಬು ನೀರು ಸುರಿದು, ಸೌಟಿನಲ್ಲಿ ಗಿರ್ರನೆ ತಿರುಗಿಸಿ ಆಚೆ ಕಳಿಸಿದರು. ಎಲೆ ಹೋದ ದಿಕ್ಕು ನೋಡಿದೆ. ಆಚೆಯ ಬೆಂಚಿನ ಮೇಲೆ ಜುಂಜಣ್ಣ ಪೇಟ ತೆಗೆದು ತೊಡೆಯ ಮೇಲಿಟ್ಟುಕೊಂಡು ಎಲೆಗೆ ಕಾಯುತ್ತಿದ್ದ.

"ಇದೇನು ಭಟ್ಟರೇ?" ಎಂದೆ.

ಭಟ್ಟರಿಗೆ ಯಾವ ಸಂಕೋಚವೂ ಇಲ್ಲ. "ಅವರಿಗೆಲ್ಲಿ ಗೊತ್ತಾಗುತ್ತೆ ರಾಯರೇ? ನೀವೇ ಹೇಳ್ತಿದ್ದಿರಲ್ಲ, ರಾಗಿ ತಿನ್ನೋ ನಾಲಿಗೆ ಅಂತ" ಎಂದರು.

ನನಗೆ ಬಂದ ಸಿಟ್ಟು ಭಟ್ಟರ ಮೇಲೆ ಎಂದು ಆಗ ಅಂದುಕೊಂಡೆ. ಎದ್ದೆ. ಬಾಯಿಗೆ ಬಂದದ್ದೆಲ್ಲ ಬೈದೆ. ದಿಬ್ಬಣದವರು ತಿನ್ನುವುದು ನಿಲ್ಲಿಸಿ ನೋಡಿದರು. ಹಿಂದಿನ ಬಾಗಿಲಿನಿಂದ ಆಚೆ ಹೋಗಿ ಜುಂಜಣ್ಣನ ಪಕ್ಕ ಬೆಂಚಿನ ಮೇಲೆ ಕೂತು, "ನನಗೂ ಇಲ್ಲೇ ಹಾಕಿ" ಎಂದು ಕೂಗಿದೆ. ಹಾಕಿದರು. ಏನು ಹಾಕಿದರು ಗೊತ್ತೆ? ಬಾಳೆಲೆ, ಹಬೆಯಾಡುವ ಇಡ್ಲಿ, ಗಟ್ಟಿ ಚಟ್ನಿ, ಹಿತ್ತಾಳೆ ಲೋಟ. ನಾನು ಎಲ್ಲಿ ಕೂತರೂ ನನ್ನ ಹಿಂದೆಯೇ ಒಳಗಿನ ತಿಂಡಿ ಬರುತ್ತದೆ! ಜೀವನದಲ್ಲಿ ಅಷ್ಟು ಅವಮಾನ ನನಗೆ ಮತ್ತೆಂದೂ ಆಗಿಲ್ಲ.

ಜುಂಜಣ್ಣ ಇನ್ನೂ ಎಲೆಗೆ ಕೈ ಹಚ್ಚಿರಲಿಲ್ಲ. ನಾನು ಎರಡು ಎಲೆಗಳನ್ನೂ ಅದಲು ಬದಲು ಮಾಡಿ, ಅವನ ಇಡ್ಲಿ ಮುರಿದು ಬಾಯಿಗಿಟ್ಟೆ. ಹೊರಗೆ ಬೆಚ್ಚಗೆ, ಒಳಗೆ ತಣ್ಣಗೆ, ಹುಳಿ, ರಬ್ಬರಿನ ಹಾಗೆ. ದವಡೆ ನಿಜವಾಗಿಯೂ ನೋಯುತ್ತದೆ. ಆ ಕ್ಷಣ ನಾನು ದೊಡ್ಡ ಧರ್ಮಯುದ್ಧ ಮಾಡಿದೆ ಎಂದು ಎದೆಯುಬ್ಬಿಸಿದ್ದೆ. ಆದರೆ ನೋಡಿ, ಆ ಹಳಸಲು ಇಡ್ಲಿಯೂ ಭಟ್ಟರ ಕೈಯಲ್ಲೇ ಬೆಂದದ್ದು. ನನ್ನ ಶೌರ್ಯ ಅಲ್ಲಿಯವರೆಗೆ ಮಾತ್ರ ಹೋಗಿತ್ತು.

ಜುಂಜಣ್ಣ ನನ್ನ ಎಲೆಯ ಇಡ್ಲಿಯನ್ನು ಒಂದು ತುತ್ತು ತಿಂದ. ಇನ್ನೊಂದು ತುತ್ತು ತಿಂದ. ಅವನು ನಗುತ್ತಾನೆ, ನನ್ನ ಬೆನ್ನು ತಟ್ಟುತ್ತಾನೆ ಎಂದು ನಾನು ಕಾಯುತ್ತಿದ್ದೆ. ಅವನು ಎಲೆ ದೂಡಿ ನನ್ನ ಮುಖ ನೋಡಿದ. ಅವನ ಕಣ್ಣು ಕೆಂಪಗಾಗಿತ್ತು.

"ಆರು ವರ್ಸ ಇದ್ನ ತಿಂದ್ಕಂಡು ನನ್ ನಾಲ್ಗೇನ ಬೈದ್ರಲ್ಲ ಸೋಮಿ" ಎಂದ. "ಗ್ವಾಡೆ ಅದೆ ಅಂತ ನಂಗೊತ್ತಿತ್ತು. ತಿನ್ನೋದೂ ಬ್ಯಾರೆ ಅಂತ ಗೊತ್ತಿರ್ನಿಲ್ಲ. ನೀವು ಓದ್ದೋರು, ನೀವು ಅಂಗಂದ್ರೆ ಇರಬೋದು ಅಂತ ನಂಬ್ಬುಟ್ಟೆ. ನನ್ ನಾಲ್ಗೆನೇ ಸರಿಗಿಲ್ಲ ಕಣಮ್ಮಿ ಅಂತ ಮನೇಲಿ ನಮ್ಮೋಳ್ಗೂ ಯೋಳಿದ್ದೆ."

ಪೇಟ ಸುತ್ತಿಕೊಂಡು ಎದ್ದು ಹೋದ. ನಾನು ಹಿಂದೆ ಹೋಗಲಿಲ್ಲ.

ಅದಾದ ಮೇಲೆ ಜುಂಜಣ್ಣ ನನ್ನ ಜೊತೆ ತಿಂಡಿಗೆ ಬರುವುದನ್ನು ಬಿಟ್ಟ. ಬಸ್ಸಿನಲ್ಲಿ ಸಿಕ್ಕರೆ ನಮಸ್ಕಾರ, ಮಳೆ ಬೆಳೆ, ಅಷ್ಟೆ. ಸ್ನೇಹ ಮುಗಿಯಿತು ಎಂದು ಗೊತ್ತಾಗಲು ಜಗಳವೇ ಬೇಕಾಗಿಲ್ಲ, ಮರ್ಯಾದೆ ಜಾಸ್ತಿಯಾದರೆ ಸಾಕು. ಇನ್ನು ನನ್ನ ಕಥೆ. ಆ ಹೋಟೆಲಿನ ಹೊಸ್ತಿಲು ತುಳಿಯುವುದಿಲ್ಲ ಎಂದು ಶಪಥ ಮಾಡಿದವನು ನಾಲ್ಕನೆಯ ದಿನ ಹಸಿವಾದಾಗ ಅಲ್ಲಿಗೇ ಹೋದೆ. ಯಾವ ಬಾಗಿಲಿನಿಂದ ಎಂದು ಕೇಳಬೇಡಿ. ಕಾಲು ತಾನಾಗಿಯೇ ಒಳಗೆ ನಡೆಯಿತು. ಮಣೆಯ ಮೇಲೆ ಕೂತ ಮೇಲೆ ಎಚ್ಚರವಾಗಿ, ಎದ್ದು ಬಂದೆ. ಕಷಾಯ ಕುಡಿದು ಇಳಿಸಬೇಕು ಎನ್ನುತ್ತಾರಲ್ಲ, ಆ ಪಿತ್ತ ಏರಿದ್ದು ಅವತ್ತು.

ಎರಡು ತಿಂಗಳಾದ ಮೇಲೆ ಕೊಳಾಲದ ಹತ್ತಿರ ಒಂದು ಹೊಲ ಅಳೆಯುತ್ತಿದ್ದೆ. ಜುಂಜಣ್ಣ ಅದೇ ಊರಿಗೆ ದಾಕು ಹಾಕಲು ಬಂದಿದ್ದ. ಬೆಳಗಿನ ಬಿಸಿಲೇರುವ ಹೊತ್ತಿಗೆ ಬದುವಿನ ಹುಣಸೆಮರದ ಕೆಳಗೆ ಕೂತು ಬುತ್ತಿ ಬಿಚ್ಚುತ್ತಿದ್ದ. ರಾಗಿರೊಟ್ಟಿ, ಹುಚ್ಚೆಳ್ಳಿನ ಚಟ್ನಿ. ಅವನ ಚೀಲದಲ್ಲಿ ಆ ಬುತ್ತಿ ಆರು ವರ್ಷವೂ ಇರುತ್ತಿತ್ತು, ಮಧ್ಯಾಹ್ನಕ್ಕೆಂದು. ಒಂದು ದಿನವೂ ಅವನು ನನಗೆ ಕೊಡಲಿಲ್ಲ, ನಾನು ಕೇಳಲಿಲ್ಲ. ಗೊಲ್ಲರ ಮನೆಯ ರೊಟ್ಟಿಯನ್ನು ನಾನು ಮುಟ್ಟುವುದಿಲ್ಲ ಎಂದು ಅವನಿಗೆ ಗೊತ್ತಿತ್ತು, ನನಗೂ ಗೊತ್ತಿತ್ತು.

ಹೋಗಿ ಎದುರಿಗೆ ಕೂತೆ. "ನನಗೂ ಸ್ವಲ್ಪ ಕೊಡು ಜುಂಜಣ್ಣ" ಎಂದೆ.

ಅವನು ತಲೆಯೆತ್ತಲಿಲ್ಲ. "ಯಾರಾನ ನೋಡಿದ್ರೆ ನಿಮ್ಮೋರ್ಗೆ ಯೋಳ್ಬುಡ್ತಾರೆ."

"ಹೇಳಲಿ."

"ಇದು ನಮ್ಮೋಳು ತಟ್ಟಿರಾದು. ಭಟ್ರು ಮಾಡಿದ್ದಲ್ಲ" ಎಂದು ಸ್ಪಷ್ಟವಾಗಿ ಹೇಳಿ, ರೊಟ್ಟಿ ಮುರಿದು ಚಟ್ನಿ ಇಟ್ಟು ಕೊಟ್ಟ.

ತೆಗೆದುಕೊಂಡೆ. ಇಲ್ಲಿ ಸುಳ್ಳು ಹೇಳಿದರೆ ನಾನು ಇಷ್ಟುದ್ದ ಹೇಳಿದ್ದು ದಂಡ. ಕೈ ಬಾಯಿಗೆ ಬರುವ ದಾರಿಯಲ್ಲಿ ಒಂದು ಗಳಿಗೆ ನಿಂತಿತು. ಸೋದರತ್ತೆ, ಕಣ್ಣು ಮುಚ್ಚಿದ ವೈದಿಕರು, ನಮ್ಮ ಬೀದಿ, ಎಲ್ಲರೂ ಆ ಗಳಿಗೆಯಲ್ಲಿ ಬಂದು ಹೋದರು. ಆ ಕೈಯ ಮೇಲೆ ಬಂದಷ್ಟು ಸಿಟ್ಟು ನನಗೆ ಭಟ್ಟರ ಮೇಲೂ ಬಂದಿರಲಿಲ್ಲ. ಜುಂಜಣ್ಣ ಅದನ್ನು ನೋಡಿದ. ತಿಂದೆ.

"ಹೆಂಗದೆ?" ಎಂದ.

ನಾಲ್ಕು ಸೀಮೆಯ ತಿಂಡಿಗೆ ತೀರ್ಪು ಕೊಟ್ಟವನು ಆ ತುತ್ತನ್ನು ಇನ್ನೊಮ್ಮೆ ಅಗಿದೆ. ಅಮೃತ ಎಂದು ಬಿಡಬಹುದಿತ್ತು. ಅವನು ನಂಬುತ್ತಿದ್ದ, ಆರು ವರ್ಷ ನಂಬಿದ್ದನಲ್ಲ. ಆದರೆ ಇವನಿಗೆ ಇಷ್ಟು ಸಾಕು ಎಂದು ನೀರು ಬೆರೆಸಿ ಕೊಡುವ ಕೆಲಸವನ್ನು ಇನ್ನು ನಾನೂ ಮಾಡಬೇಕೆ?

"ಚಟ್ನಿಗೆ ಉಪ್ಪು ಜಾಸ್ತಿ" ಎಂದೆ.

ಅವನ ಹುಬ್ಬು ಗಂಟಾಯಿತು. "ಏನಂದ್ರಿ? ನಮ್ಮೋಳ್ ಕೈ ಚಟ್ನಿಗೆ ಇಡೀ ಹಟ್ಟಿನೇ ಸಾಲ್ ನಿಲ್ತದೆ. ನಿಮ್ಗೇನ್ ಗೊತ್ತು ಹುಚ್ಚೆಳ್ಳು ರುಚಿ?" ಎಂದು ರೇಗಿ, ಒಂದು ದೊಡ್ಡ ತುತ್ತು ಮುರಿದು ಬಾಯಿಗೆ ಹಾಕಿಕೊಂಡ. ಅಗಿದ. ಅಗಿಯುವುದು ನಿಧಾನವಾಯಿತು. ಮರದ ಕಡೆ ನೋಡಿದ, ಹೊಲದ ಕಡೆ ನೋಡಿದ, ಕೊನೆಗೆ ನನ್ನ ಕಡೆ ನೋಡಿದ.

"ಊಂ, ಜಾಸ್ತಿನೇ ಬಿದ್ದದೆ" ಎಂದು ತನ್ನ ನೀರಿನ ಚೊಂಬನ್ನು ನನ್ನ ಮುಂದಕ್ಕೆ ತಳ್ಳಿದ. ನನ್ನ ಗಂಟಲು ಉರಿಯುತ್ತಿತ್ತು. ಚೊಂಬಿಗೆ ತುಟಿಯಿಟ್ಟು ಕುಡಿದೆ.